ದಶಪುರಕ್ಕೆ ಬಂದ ಪಟ್ಟವಾಯರು: ಒಂದು ವಲಸೆಯ ನಿರ್ಧಾರವನ್ನು ಕುರಿತು

ಪ್ರಾಚೀನ ಭಾರತದ ಶಾಸನಗಳಲ್ಲಿ ಅರಸರು ದಂಡೆತ್ತಿ ಹೋದುದೂ ವಿದ್ವಾಂಸರು ಅಗ್ರಹಾರಗಳಿಗೆ ಬಂದು ನೆಲಸಿದುದೂ ಹೇರಳವಾಗಿ ಉಕ್ತವಾಗಿವೆ. ಆದರೆ ಕೈಕಸುಬಿನಿಂದ ಬಾಳುವ ಜನರು ಹುಟ್ಟಿದ ನಾಡನ್ನು ತೊರೆದು, ಸಂಸಾರಸಮೇತರಾಗಿ ದೂರದ ನಗರವೊಂದನ್ನು ಸೇರಿದ ವೃತ್ತಾಂತ ಅವುಗಳಲ್ಲಿ ದೊರೆಯುವುದು ಅಪೂರ್ವ. ಹಾಗೆ ಹೊರಡಲು ಅವರು ಮನಸ್ಸು ಮಾಡಿದ ಬಗೆಯಂತೂ ಇನ್ನೂ ಅಪೂರ್ವ. ಮಧ್ಯಪ್ರದೇಶದಲ್ಲಿ ಶಿವನಾ ನದಿಯ ದಡದ ಮೇಲಿರುವ ಮಂದಸೋರಿನ, ಎಂದರೆ ಪ್ರಾಚೀನ ದಶಪುರದ, ಶಿಲಾಶಾಸನವೊಂದು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿಕೊಡುತ್ತದೆ. ಇದನ್ನು ೧೮೮೮ರಲ್ಲಿ ಗುಪ್ತಶಾಸನಗಳ ಸಂಪುಟದಲ್ಲಿ ಸೇರಿಸಿ ಪ್ರಕಟಿಸಿದವರು, ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸವನ್ನು ಬರೆದು ನಮಗೆ ಸುಪರಿಚಿತರಾದ ಫ್ಲೀಟರೇ.

ಶಾಸನವನ್ನು ರಚಿಸಿದವನು ವತ್ಸಭಟ್ಟಿಯೆಂಬ ಕವಿ. ಇದರಲ್ಲಿ ಎರಡು ಕಾಲಗಳ ನಿರ್ದೇಶವಿದೆ. ಮಾಲವ ಸಂವತ್ ೪೯೩ರಲ್ಲಿ (ಸುಮಾರು ಕ್ರಿ.ಶ. ೪೩೬-೩೭), ಗುಪ್ತ ಚಕ್ರವರ್ತಿ ಕುಮಾರಗುಪ್ತನ ಆಳಿಕೆಯಲ್ಲಿ, ಬಂಧುವರ್ಮನು ದಶಪುರವನ್ನು ಪಾಲಿಸುತ್ತಿದ್ದಾಗ, ರೇಷ್ಮೆ ನೇಯುವ ಪಟ್ಟವಾಯರ ಶ್ರೇಣಿಯು ಅಲ್ಲಿ ಸೂರ್ಯದೇವಾಲಯವನ್ನು ಕಟ್ಟಿಸಿತು. ಮೂವತ್ತಾರು ವರ್ಷಗಳ ತರುವಾಯ, ೫೨೯ರಲ್ಲಿ, ಅದೇ ಶ್ರೇಣಿಯು ಅದನ್ನು ಜೀರ್ಣೋದ್ಧಾರ ಮಾಡಿಸಿತು. ಈಗ ನಮಗೆ ಉಳಿದಿರುವ ಬರಹ ಈ ಎರಡನೆಯ ಸಂದರ್ಭದ್ದು. ಆದುದರಿಂದ ವಲಸೆಯ ಕಥೆಯನ್ನು ಇಲ್ಲಿ ಹೇಳಿಸುತ್ತಿರುವವರು ಬಹುಮಟ್ಟಿಗೆ ವಲಸೆ ಬಂದವರ ಮಕ್ಕಳು ಮೊಮ್ಮಕ್ಕಳು. ಹೋಗಿ ಗೆದ್ದವರ ಸಂತತಿಯ ಮಾತು ಇದು. ಬಾರದೆ ಹಿಂದೆ ಉಳಿದವರು ಇದ್ದಿದ್ದರೆ ಅವರ ಮಾತು ಯಾವ ಕಲ್ಲಿನಲ್ಲಿಯೂ ಇಲ್ಲ. ಈ ಎಚ್ಚರಿಕೆಯನ್ನಿಟ್ಟುಕೊಂಡೇ ಮುಂದಿನ ವಿಚಾರವನ್ನು ಗಮನಿಸಬೇಕು.

ಅವರ ಮೂಲಸ್ಥಾನ ಲಾಟ, ಎಂದರೆ ಈಗಿನ ಗುಜರಾತಿನ ಮಧ್ಯ ಮತ್ತು ದಕ್ಷಿಣ ಭಾಗ. ಆ ನಾಡು ಹೂವಿನ ಭಾರದಿಂದ ಬಾಗಿದ ಮರಗಳು, ದೇವಾಲಯಗಳು, ಸಭಾಮಂಟಪಗಳು, ವಿಹಾರಗಳಿಂದ ರಮಣೀಯವಾಗಿದ್ದಿತೆಂದು ಕವಿ ಬಣ್ಣಿಸುತ್ತಾನೆ. ಬರಗಾಲವಾಗಲಿ ಶತ್ರುಬಾಧೆಯಾಗಲಿ ಇದ್ದಿತೆಂದು ಹೇಳುವುದಿಲ್ಲ. ಬಿಟ್ಟುಬಂದ ನೆಲವನ್ನು ಇಷ್ಟು ಅಕ್ಕರೆಯಿಂದ ನೆನೆಯುವ ವಲಸೆಗಾರರ ಕಥೆ ಗಮನಾರ್ಹವೇ ಸರಿ. ಹಾಗಾದರೆ ಅವರು ಏಕೆ ಹೊರಟರು? ದಶಪುರದ ದೊರೆಯ ಗುಣಗಳಿಗೆ ಮನಸೋತು ಎಂಬುದು ಶಾಸನದ ಉತ್ತರ. ದಾರಿಯಲ್ಲಿ ಎಡೆಬಿಡದೆ ಒದಗುವ ಕಷ್ಟಗಳನ್ನು ಅವರು ಲೆಕ್ಕಿಸಲಿಲ್ಲವಂತೆ. ಮೊದಲು ಮನಸ್ಸಿನಲ್ಲಿ ಆ ನಗರಕ್ಕೆ ಬಂದರಂತೆ, ಅನಂತರವೇ ಮಕ್ಕಳನ್ನೂ ಬಂಧುಗಳನ್ನೂ ಕೂಡಿಕೊಂಡು ಬಂದು ಸೇರಿದರಂತೆ.

ಇದನ್ನು ಬರಿಯ ಕವಿಚಮತ್ಕಾರವೆಂದು ತಳ್ಳಿಹಾಕಬಾರದೆಂದು ನಮಗೆ ತೋರುತ್ತದೆ. ಮನಸ್ಸು ಬಂದುದಕ್ಕೂ ಸಂಸಾರ ಬಂದುದಕ್ಕೂ ನಡುವೆ ಇದ್ದ ಅವಧಿಯೇ ನಿರ್ಧಾರದ ಅವಧಿ. ದಶಪುರ ಅವರಿಗೆ ಕೇಳರಿಯದ ಊರಾಗಿರಲಾರದು. ಕ್ಷಹರಾತ ನಹಪಾನನ ಅಳಿಯ ಉಷವದಾತನು ಭರುಕಚ್ಛ ದಶಪುರಗಳೆರಡರಲ್ಲಿಯೂ ತಂಗುಮನೆಗಳನ್ನು ಕಟ್ಟಿಸಿದನೆಂದು ನಾಸಿಕದ ಗುಹಾಶಾಸನದಿಂದ ತಿಳಿದುಬರುತ್ತದೆ. ಲಾಟದ ರೇವಿನಿಂದ ಮಾಳವದ ಕಡೆಗೆ ಜನಸಂಚಾರ ಶತಮಾನಗಳಿಂದ ನಡೆದೇ ಇದ್ದಿತು. ಆದರೆ ಭರುಕಚ್ಛದಿಂದ ನೇರವಾಗಿ ಅಳೆದರೂ ಮುನ್ನೂರು ಕಿಲೋಮೀಟರಿಗೆ ಮೇಲ್ಪಟ್ಟ ಹಾದಿ ಅದು; ನಡುವೆ ಗುಡ್ಡಗಾಡು, ಮಹೀ ನದಿ. ಸರಕು ಹೊತ್ತು ಹೋಗಿ ಮರಳುವ ವರ್ತಕನಿಗೂ, ಎಳೆಯರು ಮುದುಕರೊಡನೆ ಮಗ್ಗದ ಸಾಮಗ್ರಿಯನ್ನು ಸಾಗಿಸಬೇಕಾದ ನೇಕಾರನಿಗೂ ದಾರಿ ಒಂದೇ ಆಗಿದ್ದರೂ ಪಯಣ ಒಂದೇ ಅಲ್ಲ. ಹೆಂಗಸರ ಅಭಿಪ್ರಾಯವನ್ನು ಶಾಸನ ಕೇಳುವ ಗೋಜಿಗೆ ಹೋಗಿಲ್ಲ. ಅದರಲ್ಲಿ ಕಾಣುವ ಹೆಣ್ಣು ವಲಸೆ ಬಂದವಳಲ್ಲ, ಗಿರಾಕಿ: ಎಷ್ಟೇ ರೂಪವತಿಯಾದರೂ, ಹಾರ ತಾಂಬೂಲ ಪುಷ್ಪಗಳಿಂದ ಅಲಂಕೃತಳಾದರೂ, ಈ ಶ್ರೇಣಿಯ ರೇಷ್ಮೆಯನ್ನುಡದೆ ನಲ್ಲನ ಬಳಿಗೆ ಹೋಗಲೊಲ್ಲದವಳು!

ವಲಸೆಗೆ ಆರ್ಥಿಕ ಕಾರಣವನ್ನು ಹುಡುಕಿದವರಲ್ಲಿ ರಾಮಶರಣ ಶರ್ಮರು ಪ್ರಮುಖರು. ಹೊರದೇಶಗಳಲ್ಲಿ ಭಾರತದ ರೇಷ್ಮೆಗೆ ಬೇಡಿಕೆ ತಗ್ಗಿದುದರ ಕುರುಹನ್ನು ಅವರು ಈ ವಲಸೆಯಲ್ಲಿಯೂ, ಶ್ರೇಣಿಯವರು ಬೇರೆ ವೃತ್ತಿಗಳನ್ನು ಹಿಡಿದುದರಲ್ಲಿಯೂ ಕಂಡರು. ಕರಾವಳಿಯ ವ್ಯಾಪಾರ ಕುಗ್ಗಿದ್ದರೆ ಒಳನಾಡಿನ ಶ್ರೀಮಂತ ನಗರದತ್ತ ಹೊರಡುವುದು ಸಹಜವೇ. ಆದರೆ ಬೈಜಾಂಟಿಯಮ್ ರೇಷ್ಮೆಹುಳು ಸಾಕುವುದನ್ನು ಕಲಿತದ್ದು ೬ನೆಯ ಶತಮಾನದ ಮಧ್ಯದಲ್ಲಿ. ನಮ್ಮ ನೇಕಾರರು ಹೊರಟು ನೂರಕ್ಕೂ ಹೆಚ್ಚು ವರ್ಷಗಳಾದ ಮೇಲೆ. ಅದು ಈ ವಲಸೆಗೆ ಕಾರಣವಾಗಲಾರದು. ಅಲ್ಲದೆ ದೇವಾಲಯವನ್ನು ಕಟ್ಟಿಸಿದ ಹಣ ಕಸುಬಿನಿಂದ ಗಳಿಸಿದುದೆಂದು ಶಾಸನ ಸ್ಪಷ್ಟವಾಗಿ ಹೇಳುತ್ತದೆ. ಸೋತ ಕಸುಬಿನವರ ಮಾತಿನಂತೆ ಇದು ಕೇಳಿಸುವುದಿಲ್ಲ.

ವೃತ್ತಿ ಬದಲಾದುದು ಮಾತ್ರ ನಿಜ. ಹೊಸ ನಗರದಲ್ಲಿ ಅರಸರು ಅವರನ್ನು ಮಕ್ಕಳಂತೆ ಮನ್ನಿಸಿದರು. ಕಾಲಕ್ರಮದಲ್ಲಿ ಕೆಲವರು ಬಿಲ್ವಿದ್ಯೆಯಲ್ಲಿ ಪಳಗಿದರು, ಕೆಲವರು ಕಥೆ ಹೇಳುವುದರಲ್ಲಿ, ಕೆಲವರು ಧರ್ಮಪ್ರಸಂಗದಲ್ಲಿ, ಜ್ಯೋತಿಷದಲ್ಲಿ. ಕೆಲವರು ಯುದ್ಧದಲ್ಲಿ ಶೂರರೆನಿಸಿದರು. ಕೆಲವರು ನೇಯ್ಗೆಯಲ್ಲಿಯೇ ಉಳಿದರು. ಇದನ್ನು ಅವನತಿಯೆಂದು ಎಣಿಸುವುದಕ್ಕಿಂತ, ಮಕ್ಕಳಿಗೆ ತಂದೆಯ ಮಗ್ಗವಲ್ಲದೆ ಬೇರೆ ಬಾಗಿಲುಗಳೂ ತೆರೆದುವೆಂದು ತಿಳಿಯುವುದು ಪಾಠಕ್ಕೆ ಹೆಚ್ಚು ಹೊಂದುತ್ತದೆ; ಕವಿ ಅವರೆಲ್ಲರನ್ನೂ ಹೊಗಳುತ್ತಾನೆಯೇ ಹೊರತು ಯಾರನ್ನೂ ಮರುಗುವುದಿಲ್ಲ.

ವೃತ್ತಿ ಹಲವಾದರೂ ಶ್ರೇಣಿ ಒಡೆಯಲಿಲ್ಲ. ೫೨೯ರಲ್ಲಿ ದೇವಾಲಯವನ್ನು ದುರಸ್ತಿ ಮಾಡಿಸಿದುದು ಒಬ್ಬ ಧನಿಕನಲ್ಲ, ಶ್ರೇಣಿಯೇ. ಅಷ್ಟರಲ್ಲಿ ರಾಜ್ಯಸ್ಥಿತಿ ಬದಲಾಗಿದ್ದಿತು. ದೇವಾಲಯದ ಒಂದು ಭಾಗ ಅನ್ಯ ರಾಜರ ಕಾಲದಲ್ಲಿ ಬಿದ್ದಿತೋ ಅನ್ಯ ರಾಜರಿಂದಲೇ ಕೆಟ್ಟಿತೋ ಎಂಬುದು ಶಾಸನದ ಆ ಮಾತಿಗೆ ಹೇಳುವ ಅರ್ಥವನ್ನು ಅವಲಂಬಿಸಿದೆ. ಯಾವ ದೊರೆಯ ಗುಣಕ್ಕೆ ಮನಸೋತು ಹಿರಿಯರು ಬಂದಿದ್ದರೋ ಅವನ ಆಸರೆ ಈಗ ಇರಲಿಲ್ಲ, ಶ್ರೇಣಿ ಇದ್ದಿತು. ಸಂಸಾರವನ್ನು ಹೊಸ ನಗರಕ್ಕೆ ಒಯ್ಯುವ ಧೈರ್ಯ ಅವರಿಗೆ ಬಂದುದು ಅರಸನ ಕೀರ್ತಿಯಿಂದ ಎನ್ನುವುದಕ್ಕಿಂತ, ಒಂಟಿ ಮನೆಯಾಗಿ ಹೊರಡಬೇಕಾಗಿರಲಿಲ್ಲ ಎಂಬುದರಿಂದಲೇ ಎಂದು ನಮ್ಮ ಅಭಿಪ್ರಾಯ.

ಇಂಥ ಸಾಮೂಹಿಕ ಸ್ಥಳಾಂತರ ಆ ಕಾಲಕ್ಕೆ ವಿಚಿತ್ರವಾಗಿರಲಿಲ್ಲವೆಂಬುದಕ್ಕೆ ಉತ್ತರಪ್ರದೇಶದ ಬುಲಂದಶಹರ ಜಿಲ್ಲೆಯಲ್ಲಿ ದೊರೆತ ಸ್ಕಂದಗುಪ್ತನ ಕಾಲದ ತಾಮ್ರಪಟ ಸಾಕ್ಷಿಯಾಗಿದೆ. ಗುಪ್ತ ಸಂವತ್ ೧೪೬ರಲ್ಲಿ (ಕ್ರಿ.ಶ. ೪೬೫-೬೬) ದೇವವಿಷ್ಣುವೆಂಬ ಬ್ರಾಹ್ಮಣನು ಇಂದ್ರಪುರದ ಸೂರ್ಯದೇವಾಲಯದ ದೀಪಕ್ಕಾಗಿ ಕೊಟ್ಟ ದತ್ತಿಯನ್ನು ಅಲ್ಲಿಯ ಗಾಣಿಗರ ಶ್ರೇಣಿಗೆ ಒಪ್ಪಿಸಿದನು. ಶ್ರೇಣಿಯು ಆ ಊರನ್ನು ಬಿಟ್ಟು ಬೇರೆಡೆಗೆ ಹೋದರೂ, ಒಗ್ಗಟ್ಟು ಮುರಿಯದೆ ಇರುವವರೆಗೆ ದತ್ತಿ ಅದರದಾಗಿಯೇ ಇರಬೇಕು, ಎರಡು ಪಲ ಎಣ್ಣೆ ದೇವರಿಗೆ ತಪ್ಪದೆ ಸಲ್ಲುತ್ತಿರಬೇಕು ಎಂಬುದು ಅದರಲ್ಲಿ ಹೇಳಿರುವ ಕರಾರು.