ಯಂತ್ರದ ನರಳಿಕೆ

ಸಂತೆಯಲ್ಲಿ ಮಡಕೆ ಕೊಳ್ಳುವವರು ಅದನ್ನು ಬರಿಯ ಕಣ್ಣಿನಿಂದ ನೋಡಿ ತೃಪ್ತರಾಗುವುದಿಲ್ಲ. ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈಯ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟುತ್ತಾರೆ. ‘ಠಣ್’ ಎಂದರೆ ಮಡಕೆ ಗಟ್ಟಿ. ‘ಬದ್’ ಎಂದರೆ ಎಲ್ಲಿಯೋ ಬಿರುಕು. ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸುವುದೂ, ಹಿಂದಿನವರು ಬೆಳ್ಳಿಯ ರೂಪಾಯಿಯನ್ನು ಕಲ್ಲಿನ ಮೇಲೆ ಕುಣಿಸಿ ನಾದ ಕೇಳುತ್ತಿದ್ದುದೂ ಇದೇ ವಿದ್ಯೆ. ಹೊರಗನ್ನು ಒಡೆಯದೆ ಒಳಗನ್ನು ತಿಳಿಯುವ ಈ ವಿದ್ಯೆಗೆ ದೊಡ್ಡದೊಂದು ಇತಿಹಾಸವುಂಟು. ಅದರ ಈಚಿನ ಅಧ್ಯಾಯ, ಇಂದು ಅನೇಕರ ಮನೆಯ ಮೇಜಿನ ಮೇಲೆ ಗೊರಗುಟ್ಟುತ್ತಿರುವ ಲ್ಯಾಪ್‌ಟಾಪ್.

ಈ ವಿದ್ಯೆಯನ್ನು ಶಾಸ್ತ್ರದ ಪದವಿಗೇರಿಸಿದವನು ವೈದ್ಯ. 1722ರಲ್ಲಿ ಆಸ್ಟ್ರಿಯದ ಗ್ರಾಟ್ಸ್ ಊರಿನ ಛತ್ರದವನೊಬ್ಬನ ಮಗನಾಗಿ ಲಿಯೊಪೋಲ್ಡ್ ಔವೆನ್‌ಬ್ರೂಗರ್ ಹುಟ್ಟಿದ. ಪೀಪಾಯಿಯಲ್ಲಿ ಮದ್ಯ ಎಷ್ಟರ ಮಟ್ಟಿಗಿದೆ ಎಂಬುದನ್ನು ತಟ್ಟಿ ತಿಳಿಯುವ ರೂಢಿಯನ್ನು ಅವನು ತಂದೆಯ ಮನೆಯಲ್ಲಿಯೇ ಕಂಡಿದ್ದನೆಂದು ಹೇಳುತ್ತಾರೆ. ಮುಂದೆ ವಿಯೆನ್ನಾದಲ್ಲಿ ವೈದ್ಯನಾದಾಗ ರೋಗಿಯ ಎದೆಯನ್ನು ಬೆರಳ ತುದಿಯಿಂದ ತಟ್ಟಿ, ಎಲ್ಲಿ ಟೊಳ್ಳು, ಎಲ್ಲಿ ನೀರು ತುಂಬಿದೆ ಎಂದು ಗುರುತಿಸಿದ. 1761ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಅವನು ಬರೆದ ಸಣ್ಣ ಪುಸ್ತಕವನ್ನು ಅಂದಿನ ವಿದ್ವಾಂಸರು ಹೆಚ್ಚಾಗಿ ಲೆಕ್ಕಕ್ಕೇ ಇಡಲಿಲ್ಲ. ಸಂಗೀತಪ್ರಿಯನಾದ ಈತ 1781ರಲ್ಲಿ ಸಾಲಿಯೇರಿಯ ಸಂಗೀತನಾಟಕವೊಂದಕ್ಕೆ ಸಾಹಿತ್ಯವನ್ನೂ ಬರೆದುಕೊಟ್ಟ. ಆ ನಾಟಕದ ಹೆಸರು ‘ಹೊಗೆಗೂಡು ಗುಡಿಸುವವನು’! ಲ್ಯಾಪ್‌ಟಾಪಿನ ಧೂಳನ್ನು ಕುರಿತು ಮುಂದೆ ಬರೆಯಬೇಕಾದಾಗ ಈ ಹೆಸರು ನೆನಪಾಗದೆ ಇರದು.

1808ರಲ್ಲಿ, ಎಂದರೆ ಅವನು ತೀರಿಕೊಳ್ಳುವುದಕ್ಕೆ ಒಂದು ವರ್ಷ ಮುಂಚೆ, ನೆಪೋಲಿಯನ್ನನ ವೈದ್ಯ ಕೊರ್ವಿಸಾರ್ ಆ ಪುಸ್ತಕವನ್ನು ಫ್ರೆಂಚಿಗೆ ತಂದ. ಕೊರ್ವಿಸಾರನ ಶಿಷ್ಯನಾದ ಲಾಎನೆಕ್ 1816ರಲ್ಲಿ ಪ್ಯಾರಿಸ್ಸಿನಲ್ಲಿ ಹೃದ್ರೋಗವಿದ್ದ ತರುಣಿಯೊಬ್ಬಳನ್ನು ಪರೀಕ್ಷಿಸಬೇಕಾಯಿತು. ಎದೆಗೆ ಕಿವಿಯಿಟ್ಟು ಕೇಳುವುದು ಮರ್ಯಾದೆಯಲ್ಲವೆಂದು ಅವನು ಕಾಗದದ ಹಾಳೆಗಳನ್ನು ಬಿಗಿಯಾಗಿ ಸುರುಳಿ ಸುತ್ತಿ, ಒಂದು ತುದಿಯನ್ನು ಅವಳ ಎದೆಗೂ ಇನ್ನೊಂದನ್ನು ತನ್ನ ಕಿವಿಗೂ ಹಚ್ಚಿದ. ಸ್ಟೆತಾಸ್ಕೋಪಿನ ಜನನ ಹೀಗಾಯಿತು. ಆದರೆ ಲಾಎನೆಕ್‌ನ ಹಿರಿಮೆ ಕೊಳವೆಯಲ್ಲಿಲ್ಲ. ಕೇಳಿದ ಒಂದೊಂದು ಸದ್ದಿಗೂ ಅವನು ಬೇರೆ ಬೇರೆ ಹೆಸರಿಟ್ಟ. ರೋಗಿ ಸತ್ತಾಗ ದೇಹವನ್ನು ತೆರೆದು ನೋಡಿ, ಯಾವ ಸದ್ದಿಗೆ ಯಾವ ಕೇಡು ಎಂದು ತಾಳೆ ಹಾಕಿದ. 1819ರಲ್ಲಿ ಬಂದ ಅವನ ಗ್ರಂಥದ ಸಾರವೆಲ್ಲ ಈ ತಾಳೆಯೇ. ಹೆಸರಿಲ್ಲದ ಸದ್ದು ಬರಿಯ ಗದ್ದಲ. ಹೆಸರು ಪಡೆದ ಸದ್ದು ಲಕ್ಷಣ.

ಯಂತ್ರಯುಗ ಈ ಪಾಠವನ್ನು ಬೇಗ ಕಲಿಯಿತು. ರೈಲು ನಿಂತಾಗ ಉದ್ದ ಹಿಡಿಯ ಸುತ್ತಿಗೆಯಿಂದ ಗಾಲಿಗಳನ್ನು ತಟ್ಟುತ್ತ ಹೋಗುವ ಕೆಲಸಗಾರ ಔವೆನ್‌ಬ್ರೂಗರನ ವಂಶದವನು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಳ್ಳುವ ಮೆಕ್ಯಾನಿಕ್ ಲಾಎನೆಕ್‌ನ ವಂಶದವನು. ಗಣಕಯಂತ್ರವೂ ಇದಕ್ಕೆ ಹೊರತಾಗಲಿಲ್ಲ. 1951ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಬಂದ ಫೆರಾಂಟಿ ಯಂತ್ರಕ್ಕೆ ಧ್ವನಿವರ್ಧಕವೊಂದನ್ನು ಜೋಡಿಸಿದ್ದರು. ಕೆಲಸ ಎಲ್ಲಿಗೆ ಬಂತು, ಎಲ್ಲಿ ನಿಂತಿತು ಎಂಬುದನ್ನು ಅದರ ಕೂಗಿನಿಂದಲೇ ತಿಳಿಯಬಹುದಾಗಿತ್ತು. ಅದೇ ವರ್ಷ ಕ್ರಿಸ್ಟೊಫರ್ ಸ್ಟ್ರೇಚಿ ಆ ಕೂಗುಯಂತ್ರದಿಂದ ಬ್ರಿಟನ್ನಿನ ರಾಷ್ಟ್ರಗೀತೆಯನ್ನೇ ಹಾಡಿಸಿದ.

ಲ್ಯಾಪ್‌ಟಾಪಿನ ಸದ್ದಿಗಾದರೋ ಇಂಥ ಕೂಗುಯಂತ್ರ ಬೇಕಿಲ್ಲ. ಒಳಗೆ ತಿರುಗುವ ವಸ್ತುಗಳೇ ಮಾತನಾಡುತ್ತವೆ. ಅವುಗಳಲ್ಲಿ ಒಂದಾದ ಹಾರ್ಡ್ ಡಿಸ್ಕಿನ ಮೂಲಪುರುಷ ಐ.ಬಿ.ಎಂ. ಕಂಪೆನಿ 1956ರಲ್ಲಿ ಹೊರತಂದ ‘ರಾಮಾಕ್’. ಅದರಲ್ಲಿ 24 ಅಂಗುಲ ಅಡ್ಡಳತೆಯ 50 ತಟ್ಟೆಗಳು ನಿಮಿಷಕ್ಕೆ 1,200 ಸುತ್ತು ತಿರುಗುತ್ತಿದ್ದವು. ಇಷ್ಟೆಲ್ಲ ಸೇರಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು. ಅದೇ ತಟ್ಟೆ ಎರಡೂವರೆ ಅಂಗುಲಕ್ಕೆ ಕುಗ್ಗಿ ಲ್ಯಾಪ್‌ಟಾಪಿನ ಒಡಲು ಸೇರಿತು. ಅಲ್ಲಿ ಅದು ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು, ಎಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಓದುವ ಮುಳ್ಳು ತಟ್ಟೆಯನ್ನು ಮುಟ್ಟದೆ, ಕೂದಲಿಗಿಂತಲೂ ಎಷ್ಟೋ ತೆಳುವಾದ ಗಾಳಿಯ ಪದರದ ಮೇಲೆ ತೇಲುತ್ತದೆ. ಮುಟ್ಟಿತೆಂದರೆ ಕೆಟ್ಟಿತು.

ಈಗ ಸದ್ದುಗಳಿಗೆ ಬರೋಣ. ‘ಬುಸ್’ ಎಂಬ ಉಸಿರು ಫ್ಯಾನಿನದು. ಯಂತ್ರಕ್ಕೆ ಕೆಲಸ ಹೆಚ್ಚಾದಾಗ ಅದು ಏರಿ, ಕಡಿಮೆಯಾದಾಗ ಇಳಿದರೆ ಗಾಬರಿಗೆ ಕಾರಣವಿಲ್ಲ. ಸುಮ್ಮನಿದ್ದಾಗಲೂ ಬುಸುಗುಟ್ಟುತ್ತಿದ್ದರೆ ಗಾಳಿಯ ದಾರಿಯಲ್ಲಿ ಧೂಳು ಕಟ್ಟಿದೆ ಎಂದು ಶಂಕಿಸಬೇಕು. ಯಂತ್ರವನ್ನು ಪೂರ್ಣವಾಗಿ ಆರಿಸಿ, ರೆಕ್ಕೆ ತಿರುಗದಂತೆ ಕಡ್ಡಿಯಿಂದ ತಡೆದು, ಗಾಳಿಯೂದಿ ‘ಹೊಗೆಗೂಡು’ ಗುಡಿಸಿದರೆ ಸಾಕು. ‘ಗರಗರ’ ಎಂದರೆ ಫ್ಯಾನಿನ ಬೇರಿಂಗ್ ಸವೆದಿದೆ, ಬದಲಾಯಿಸಬೇಕು. ‘ಪಟಪಟ’ ಎಂದರೆ ತಂತಿಯೋ ಕಸವೋ ರೆಕ್ಕೆಗೆ ತಗಲುತ್ತಿದೆ. ಸೊಳ್ಳೆಯಂತೆ ‘ಕುಂಯ್’ ಎಂಬ ಸಣ್ಣ ಸ್ವರ, ಪರದೆಯ ಬೆಳಕನ್ನು ತಗ್ಗಿಸಿದಾಗಲೋ ಚಾರ್ಜರ್ ಕಿತ್ತಾಗಲೋ ಬದಲಾದರೆ, ಅದು ವಿದ್ಯುತ್ತು ಹರಿಯುವ ಸುರುಳಿಯೋ ಕೆಪ್ಯಾಸಿಟರೋ ಕಂಪಿಸುವ ಸದ್ದು. ಕಾಂತತ್ವಕ್ಕೆ ಸಿಕ್ಕಿದ ಕಬ್ಬಿಣ ಕೂದಲೆಳೆಯಷ್ಟು ಹಿಗ್ಗುತ್ತದೆಂಬುದನ್ನು ಜೂಲ್ 1842ರಲ್ಲಿಯೇ ಕಂಡಿದ್ದ; ಈ ಹಾಡಿಗೆ ಅಂಥ ಹಿಗ್ಗು–ಕುಗ್ಗುಗಳೂ ಕಾರಣ. ಕಿವಿಗೆ ಕಿರಿಕಿರಿಯೇ ಹೊರತು ಯಂತ್ರಕ್ಕೆ ಸಾಮಾನ್ಯವಾಗಿ ಕೇಡಿಲ್ಲ.

ಉಳಿದದ್ದು ಒಂದು: ‘ಟಿಕ್… ಟಿಕ್…’. ಕೆಲಸ ಏರಲಿ ಇಳಿಯಲಿ, ಒಂದೇ ಲಯದಲ್ಲಿ ಮರಳಿ ಮರಳಿ ಬರುವ ಈ ಸದ್ದು ಹಾರ್ಡ್ ಡಿಸ್ಕಿನದಾದರೆ ಅದನ್ನು ಕಡೆಗಾಣಿಸಬಾರದು. ಮುಳ್ಳು ತನ್ನ ಸ್ಥಾನವನ್ನು ಕಾಣದೆ ಹಿಂದಿರುಗಿ ಮತ್ತೆ ಹುಡುಕುತ್ತಿದೆ ಎಂದು ಅದರ ಅರ್ಥ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಹತ್ತು ಹನ್ನೆರಡು ವರ್ಷ ಹಳ್ಳಿ ಹಳ್ಳಿ ಸುತ್ತಿ ಧ್ವನಿಮುದ್ರಿಸಿಕೊಂಡ ಬೀಸುವ ಕಲ್ಲಿನ ಪದಗಳಿದ್ದವು. ಹಾಡಿದ ಅಜ್ಜಿಯರಲ್ಲಿ ಹಲವರು ಈಗ ಇಲ್ಲ. ಒಂದು ರಾತ್ರಿ ಅದು ಟಿಕ್ಕೆನ್ನತೊಡಗಿತು. ವೃತ್ತಪತ್ರಿಕೆಯ ಹಾಳೆಯನ್ನು ಸುರುಳಿ ಸುತ್ತಿ ಲಾಎನೆಕ್‌ನಂತೆಯೇ ಕಿವಿಗೊಟ್ಟೆ. ಫ್ಯಾನಿನ ಕಡೆ ಬರಿಯ ಉಸಿರು. ಡಿಸ್ಕ್ ಇದ್ದ ಮೂಲೆಯಲ್ಲಿ ಟಿಕ್ಕು. ಬಿಚ್ಚಿ ನೋಡುವ ಗೋಜಿಗೆ ಹೋಗದೆ, ಮೊದಲು ಅಜ್ಜಿಯರ ದನಿಗಳನ್ನು ಬೇರೊಂದು ಡಿಸ್ಕಿಗೆ ಇಳಿಸಿಕೊಂಡೆ. ಬೆಳಗಿನ ಜಾವಕ್ಕೆ ಆ ಕೆಲಸ ಮುಗಿಯಿತು. ನಾಲ್ಕನೆಯ ದಿನ ಆ ತಟ್ಟೆ ತಿರುಗಲಿಲ್ಲ. ಇಂಥ ಸಂದರ್ಭದಲ್ಲಿ ಚಿಕಿತ್ಸೆಯೆಂದರೆ ಇದೇ: ರಿಪೇರಿಯಲ್ಲ, ಪ್ರತಿ ತೆಗೆದುಕೊಳ್ಳುವುದು.

ಕನ್ನಡ ವ್ಯಾಕರಣದಲ್ಲಿ ಅನುಕರಣಾವ್ಯಯವೆಂಬ ವರ್ಗವೊಂದಿದೆ. ತರಗತಿಯಲ್ಲಿ ಹುಡುಗರು ನಗುತ್ತ ಉದಾಹರಣೆ ಕೊಡುವ ಪಾಠ ಅದು. ಆದರೆ ಗರಗರ, ಪಟಪಟ, ಗೊರಗೊರ, ಕಿರ್ರೆನ್ನು ಎಂಬ ಮಾತುಗಳು ಬರಿಯ ಅಲಂಕಾರವಲ್ಲ. ರಿಪೇರಿ ಅಂಗಡಿಗೆ ಹೋಗಿ “ಏನೋ ಶಬ್ದ ಬರುತ್ತದೆ” ಎನ್ನುವವನಿಗಿಂತ “ಬಿಸಿಯಾದಾಗ ಮಾತ್ರ ಗರಗರ ಎನ್ನುತ್ತದೆ” ಎನ್ನುವವನು ಅರ್ಧ ರೋಗನಿರ್ಣಯವನ್ನು ಮುಗಿಸಿಯೇ ಬಂದಿರುತ್ತಾನೆ. ಲಾಎನೆಕ್ ಹೊಸದಾಗಿ ಹುಟ್ಟಿಸಬೇಕಾಗಿ ಬಂದ ಬಗೆಯ ಪದಗಳು ನಮ್ಮ ಅಡುಗೆಮನೆ, ಗದ್ದೆ, ಗಾಡಿಗಳಲ್ಲಿ ಮೊದಲೇ ಇವೆ.

ಕೊನೆಗೊಂದು ಮಾತು. ಯಂತ್ರ ಈಗ ಮೌನದ ಕಡೆಗೆ ನಡೆದಿದೆ. 2008ರ ಮ್ಯಾಕ್‌ಬುಕ್ ಏರ್‌ನಲ್ಲಿ ತಿರುಗುವ ತಟ್ಟೆಯ ಬದಲು ಅಲುಗಾಡದ ಎಸ್.ಎಸ್.ಡಿ. ಬೇಕೆಂದವರಿಗೆ ದೊರೆಯುತ್ತಿತ್ತು, 2010ರಲ್ಲಿ ಅದರಿಂದ ತಟ್ಟೆಯೇ ಮಾಯವಾಯಿತು, 2020ರಲ್ಲಿ ಫ್ಯಾನೂ ಹೋಯಿತು. ಬೇರೆ ಕಂಪೆನಿಗಳ ಲ್ಯಾಪ್‌ಟಾಪುಗಳಲ್ಲಿಯೂ ತಟ್ಟೆ ಅಪರೂಪವಾಗಿದೆ. ಮನೆ ನಿಶ್ಶಬ್ದವಾಯಿತೆಂದು ಸಂತೋಷಪಡಬಹುದು. ಆದರೆ ಎಸ್.ಎಸ್.ಡಿ.ಗೂ ಮುಪ್ಪುಂಟು, ಸಾವುಂಟು. ಅದು ನರಳುವುದಿಲ್ಲ, ಟಿಕ್ಕೆನ್ನುವುದಿಲ್ಲ, ಹಿಂದಿನ ದಿನದವರೆಗೂ ಚೆನ್ನಾಗಿದ್ದುದು ಬೆಳಗಾಗುವಷ್ಟರಲ್ಲಿ ಇಲ್ಲವಾಗಬಹುದು. ಸದ್ದು ಮಾಡುವ ಯಂತ್ರ ನಮ್ಮ ನಿದ್ದೆ ಕೆಡಿಸುತ್ತಿತ್ತು, ನಿಜ; ಹಾಗೆ ಕೆಡಿಸಿಯೇ ಕಾಪಾಡುತ್ತಿತ್ತು. ಮೌನಿಯಾದ ಯಂತ್ರದ ಮುಂದೆ ಕಿವಿಯ ವಿದ್ಯೆ ನಡೆಯದು. ಅಲ್ಲಿ ಉಳಿಯುವುದು ಹಳೆಯ ಲಿಪಿಕಾರರ ವಿದ್ಯೆ: ಓಲೆ ಚೆನ್ನಾಗಿರುವಾಗಲೇ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳುವುದು.