ಪಾಪಾ ವೆಸ್ಟ್ರೇ: ಕಡಲಂಚಿನ ಪ್ರಾಚೀನ ಮನೆ ಮತ್ತು ದ್ವೀಪದ ಊಟ

ಸ್ಕಾಟ್ಲೆಂಡಿನ ಉತ್ತರ ತುದಿಯಿಂದಾಚೆ, ಅಟ್ಲಾಂಟಿಕ್ ಸಾಗರವೂ ಉತ್ತರ ಸಮುದ್ರವೂ ಸಂಧಿಸುವೆಡೆಯಲ್ಲಿ ಆರ್ಕ್ನಿ ದ್ವೀಪಸಮೂಹವಿದೆ. ಸುಮಾರು 70 ದ್ವೀಪಗಳ ಈ ಸಮೂಹದಲ್ಲಿ ಜನವಸತಿಯಿರುವುದು ಸುಮಾರು 20ರಲ್ಲಿ ಮಾತ್ರ. ಅವುಗಳಲ್ಲೊಂದು ಪಾಪಾ ವೆಸ್ಟ್ರೇ. ಸ್ಥಳೀಯರು ‘ಪಾಪೇ’ ಎಂದು ಕರೆಯುವ ಈ ದ್ವೀಪದ ವಿಸ್ತೀರ್ಣ ಸುಮಾರು 9 ಚದರ ಕಿಲೋಮೀಟರ್. ಜನಸಂಖ್ಯೆ ನೂರಕ್ಕಿಂತ ಕಡಿಮೆ. ಇಷ್ಟು ಚಿಕ್ಕ ನೆಲದ ಮೇಲೆ, ವಾಯವ್ಯ ಯೂರೋಪಿನಲ್ಲಿ ಇಂದಿಗೂ ಗೋಡೆಸಹಿತ ನಿಂತಿರುವ ಅತ್ಯಂತ ಪ್ರಾಚೀನ ಕಲ್ಲುಮನೆಗಳಲ್ಲೊಂದನ್ನು ಕಾಣಬಹುದು. ಆ ಮನೆಯವರು ಏನನ್ನು ಉಣ್ಣುತ್ತಿದ್ದರೆಂಬುದೂ ಅವರು ಬಿಟ್ಟುಹೋದ ತಿಪ್ಪೆಯಿಂದ ತಿಳಿದುಬಂದಿದೆ. ಆ ಆಹಾರದ ಹಲವು ಅಂಶಗಳು ಇಂದಿನ ಆರ್ಕ್ನಿಯ ಅಡುಗೆಯಲ್ಲಿಯೂ ಉಳಿದಿರುವುದು ಈ ದ್ವೀಪಗಳ ವಿಶೇಷ. ಆದರೆ ಅನ್ನ ನೀಡಿದ ಕಡಲೇ ಇಂದು ಆ ಮನೆಯ ಹೊಸ್ತಿಲ ಸಮೀಪಕ್ಕೆ ಬಂದು ನಿಂತಿದೆ.

ತಲುಪುವ ಬಗೆ

ಆರ್ಕ್ನಿಯ ಮುಖ್ಯ ಪಟ್ಟಣವಾದ ಕರ್ಕ್‌ವಾಲ್‌ನಿಂದ ಪಾಪೇಗೆ ಚಿಕ್ಕ ವಿಮಾನಗಳೂ ಹಡಗುಗಳೂ ಇವೆ. ನೆರೆಯ ವೆಸ್ಟ್ರೇ ದ್ವೀಪದಿಂದ ಪಾಪೇಗೆ ಹಾರುವ ವಿಮಾನ ಕ್ರಮಿಸುವ ದೂರ ಕೇವಲ 2.7 ಕಿಲೋಮೀಟರ್. 1967ರಲ್ಲಿ ಆರಂಭವಾದ ಈ ಸೇವೆ ಜಗತ್ತಿನ ಅತಿ ಕಿರಿದಾದ ನಿಗದಿತ ವಿಮಾನಯಾನವೆಂದು ಪ್ರಸಿದ್ಧವಾಗಿದೆ. ವೇಳಾಪಟ್ಟಿಯಲ್ಲಿ 2 ನಿಮಿಷಗಳ ಪ್ರಯಾಣವೆಂದಿದ್ದರೂ ಗಾಳಿ ಅನುಕೂಲವಾಗಿದ್ದರೆ ಅದಕ್ಕೂ ಮೊದಲೇ ನೆಲ ಮುಟ್ಟುವುದುಂಟು. ಮಂಜು ಕವಿದರೆ, ಬಿರುಗಾಳಿ ಎದ್ದರೆ ಸಂಚಾರ ನಿಲ್ಲುವುದರಿಂದ ಪ್ರವಾಸಿಗರು ಒಂದೆರಡು ದಿನಗಳ ಬಿಡುವಿರಿಸಿಕೊಳ್ಳುವುದು ಲೇಸು. ಹಗಲು ದೀರ್ಘವಾಗಿರುವ ಮೇ ತಿಂಗಳಿನಿಂದ ಆಗಸ್ಟ್‌ವರೆಗಿನ ಅವಧಿ ಪ್ರಶಸ್ತವಾದುದು.

ನ್ಯಾಪ್ ಆಫ್ ಹೋವರ್

ದ್ವೀಪದ ಪಶ್ಚಿಮ ದಡದಲ್ಲಿರುವ ನ್ಯಾಪ್ ಆಫ್ ಹೋವರ್ ಎಂಬ ನವಶಿಲಾಯುಗದ ಒಕ್ಕಲುಮನೆಯಲ್ಲಿ ಕ್ರಿ.ಪೂ. 3700ರಿಂದ 2800ರವರೆಗೆ ಜನವಾಸವಿತ್ತೆಂದು ನಿರ್ಣಯಿಸಲಾಗಿದೆ. ಆರ್ಕ್ನಿಯಲ್ಲಿಯೇ ಇರುವ ಸುಪ್ರಸಿದ್ಧ ಸ್ಕಾರಾ ಬ್ರೇ ಗ್ರಾಮಕ್ಕಿಂತಲೂ ಇದು ಹಿಂದಿನದು. ಅಕ್ಕಪಕ್ಕದಲ್ಲಿರುವ ಎರಡು ಕಟ್ಟಡಗಳನ್ನು ಕಿರಿದಾದ ಓಣಿಯೊಂದು ಕೂಡಿಸುತ್ತದೆ. ದೊಡ್ಡ ಕಟ್ಟಡದ ಒಳಭಾಗ ಸುಮಾರು 10 ಮೀಟರ್ ಉದ್ದ, 5 ಮೀಟರ್ ಅಗಲವಿದೆ. ಮಾಡು ಉಳಿದಿಲ್ಲವಾದರೂ ಗೋಡೆಗಳು ಕೆಲವೆಡೆ 1.6 ಮೀಟರ್ ಎತ್ತರಕ್ಕೆ ನಿಂತಿವೆ. ಬಾಗಿಲು ತಗ್ಗಾಗಿರುವುದರಿಂದ ತಲೆಬಾಗಿಯೇ ಒಳಹೋಗಬೇಕು.

ಆರ್ಕ್ನಿಯಲ್ಲಿ ಮರಗಳು ವಿರಳ. ಆದರೆ ಅಲ್ಲಿನ ಬಂಡೆ ಪದರಪದರವಾಗಿ ಸುಲಭವಾಗಿ ಸೀಳುತ್ತದೆ. ಆದುದರಿಂದಲೇ ಈ ಮನೆಯ ಗೋಡೆ, ಕೋಣೆಗಳನ್ನು ವಿಭಜಿಸುವ ನಿಲುಚಪ್ಪಡಿ, ಕುಳಿತುಕೊಳ್ಳುವ ಜಗಲಿ, ಗೋಡೆಯಲ್ಲಿ ಅಳವಡಿಸಿದ ಗೂಡು, ಎಲ್ಲವೂ ಕಲ್ಲಿನವೇ ಆಗಿವೆ. ಮರದ ಮನೆಯಾಗಿದ್ದರೆ ಇವುಗಳಲ್ಲಿ ಒಂದೂ ನಮಗೆ ದೊರೆಯುತ್ತಿರಲಿಲ್ಲ. ಕಡಲು ದಡವನ್ನು ಕೊರೆದಾಗ ಗೋಚರಿಸಿದ ಈ ಮನೆಗಳ ಉತ್ಖನನ ಮೊದಲು 1930ರ ದಶಕದಲ್ಲಿ ನಡೆಯಿತು. ಆಗ ಇವನ್ನು ಕಬ್ಬಿಣಯುಗದವೆಂದು ಭಾವಿಸಲಾಗಿತ್ತು. ಅನಂತರ 1973 ಮತ್ತು 1975ರಲ್ಲಿ ಪುರಾತತ್ತ್ವಜ್ಞೆ ಆನಾ ರಿಚೀ ಅವರು ನಡೆಸಿದ ಉತ್ಖನನ ಹಾಗೂ ರೇಡಿಯೋಕಾರ್ಬನ್ ಪರೀಕ್ಷೆಗಳಿಂದ ಇವುಗಳ ನಿಜವಾದ ಪ್ರಾಚೀನತೆ ಸಿದ್ಧವಾಯಿತು.

ತಿಪ್ಪೆಯಿಂದ ತಿಳಿದ ಆಹಾರ

ಈ ಮನೆಯ ಗೋಡೆಗಳು ಎರಡು ಪದರಗಳಾಗಿದ್ದು, ನಡುವಣ ಜಾಗದಲ್ಲಿ ಮನೆಯ ತಿಪ್ಪೆಯನ್ನೇ ತುಂಬಲಾಗಿದೆ. ಚಳಿಗಾಳಿಯನ್ನು ತಡೆಯಲು ಅದು ಒಳ್ಳೆಯ ಉಪಾಯವಾಗಿತ್ತು. ಇಂದಿನ ಸಂಶೋಧಕರಿಗೆ ಆ ತಿಪ್ಪೆಯೇ ನಿಧಿಯಾಗಿದೆ. ದನ, ಕುರಿ ಮತ್ತು ಹಂದಿಗಳ ಮೂಳೆಗಳು, ಮೀನಿನ ಮುಳ್ಳುಗಳು, ಸಿಂಪಿ ಹಾಗೂ ಬಂಡೆಗಂಟಿಕೊಳ್ಳುವ ಲಿಂಪೆಟ್ ಎಂಬ ಜೀವಿಯ ಚಿಪ್ಪುಗಳು ಅದರಲ್ಲಿ ದೊರೆತಿವೆ. ಧಾನ್ಯವನ್ನು ಬೆಳೆಯುತ್ತಿದ್ದರೆಂಬುದಕ್ಕೂ ಕುರುಹುಗಳಿವೆ. ಕಾಳು ಅರೆಯುವ ಕಲ್ಲು ಮನೆಯೊಳಗೇ ಇತ್ತು. ನೆಲವನ್ನೂ ಕಡಲನ್ನೂ ಸಮನಾಗಿ ನೆಚ್ಚಿಕೊಂಡಿದ್ದ ಒಕ್ಕಲುತನವೆಂದು ಇದನ್ನು ವರ್ಣಿಸಬಹುದು.

ಪಾಪೇಯ ಪೂರ್ವದಲ್ಲಿ ಹೋಮ್ ಎಂಬ ನಿರ್ಜನ ನಡುಗಡ್ಡೆಯಿದೆ. ಅಲ್ಲಿನ ಸಮಾಧಿಯೊಂದರಲ್ಲಿ ದೊರೆತ ನವಶಿಲಾಯುಗದ ಕುರಿಗಳ ಹಲ್ಲುಗಳನ್ನು ಪರೀಕ್ಷಿಸಿದಾಗ, ಅವು ಚಳಿಗಾಲದಲ್ಲಿ ಕಡಲಪಾಚಿಯನ್ನು ಮೇಯುತ್ತಿದ್ದುವೆಂದು ಕಂಡುಬಂತು. ಇಂತಹ ಕುರಿಗಳು ಇಂದಿಗೂ ಇವೆ. ಆರ್ಕ್ನಿಯ ಈಶಾನ್ಯ ಅಂಚಿನ ನಾರ್ತ್ ರೊನಾಲ್ಡ್ಸೇ ದ್ವೀಪದಲ್ಲಿ, ಹುಲ್ಲುಗಾವಲನ್ನು ದನಗಳಿಗೆ ಮೀಸಲಿಡಲು 1832ರಲ್ಲಿ ದ್ವೀಪದ ಸುತ್ತಲೂ ಕಲ್ಲಿನ ಗೋಡೆ ಕಟ್ಟಿ ಕುರಿಗಳನ್ನು ಕಡಲತೀರಕ್ಕೆ ಅಟ್ಟಲಾಯಿತು. ಅಂದಿನಿಂದ ಅವು ವರ್ಷದ ಬಹುಭಾಗ ಪಾಚಿಯನ್ನೇ ತಿಂದು ಬದುಕುತ್ತಿವೆ. ಈ ಕುರಿಯ ಮಾಂಸ ಗಾಢ ಬಣ್ಣದ್ದಾಗಿದ್ದು, ಅದರ ರುಚಿಗೆ ಬೇಡಿಕೆಯಿದೆ.

ಇಂದಿನ ಊಟ

ಆರ್ಕ್ನಿಯ ಊಟದಲ್ಲಿ ಪ್ರಾಚೀನತೆಯ ಸ್ಪಷ್ಟ ಗುರುತು ‘ಬೇರ್’ ಎಂಬ ಧಾನ್ಯ. ಇದು ಆರು ಸಾಲು ಕಾಳಿನ ಜವೆಗೋಧಿಯ ಹಳೆಯ ತಳಿ. ಉತ್ತರ ದೇಶದ ಚುಟುಕು ಬೇಸಿಗೆಯಲ್ಲಿಯೂ ಬೇಗ ಬಲಿಯುವುದು ಇದರ ಗುಣ. ಇಳುವರಿ ಕಡಿಮೆಯೆಂಬ ಕಾರಣದಿಂದ 20ನೆಯ ಶತಮಾನದಲ್ಲಿ ಇದರ ಬೇಸಾಯ ತೀರ ಕುಗ್ಗಿತ್ತು. ಬರ್ಸೇ ಎಂಬಲ್ಲಿ 1873ರಲ್ಲಿ ಕಟ್ಟಿದ, ನೀರಿನ ಬಲದಿಂದ ತಿರುಗುವ ಬ್ಯಾರನಿ ಗಿರಣಿಯಲ್ಲಿ ಇಂದಿಗೂ ಬೇರ್ ಹಿಟ್ಟನ್ನು ಬೀಸುತ್ತಾರೆ. ಆ ಹಿಟ್ಟಿಗೆ ಸ್ವಲ್ಪ ಗೋಧಿಹಿಟ್ಟು, ಅಡುಗೆ ಸೋಡಾ ಮತ್ತು ಮಜ್ಜಿಗೆ ಬೆರೆಸಿ, ದಪ್ಪನಾಗಿ ತಟ್ಟಿ, ಕಬ್ಬಿಣದ ಕಾವಲಿಯ ಮೇಲೆ ಬೇಯಿಸಿದರೆ ಬೇರ್ ಬ್ಯಾನಕ್ ಎಂಬ ರೊಟ್ಟಿ ಸಿದ್ಧವಾಗುತ್ತದೆ. ಮಣ್ಣಿನ ಬಣ್ಣದ ಈ ರೊಟ್ಟಿಯನ್ನು ಬೆಣ್ಣೆ ಮತ್ತು ಆರ್ಕ್ನಿಯ ಚೀಸ್‌ನೊಡನೆ ಸೇವಿಸುವುದು ವಾಡಿಕೆ.

ಆಲೂಗಡ್ಡೆಯನ್ನೂ ಟರ್ನಿಪ್ ಜಾತಿಯ ಗಡ್ಡೆಯನ್ನೂ ಬೇಯಿಸಿ ಬೆಣ್ಣೆಯೊಡನೆ ಕಿವುಚಿದ ‘ಕ್ಲ್ಯಾಪ್‌ಶಾಟ್’ ಇನ್ನೊಂದು ನಿತ್ಯದ ಪದಾರ್ಥ. ಸಸ್ಯಾಹಾರಿಗಳಿಗೆ ಇವೆರಡೂ ಆಸರೆಯಾಗಬಲ್ಲವು. ಮಾಂಸಾಹಾರಿಗಳಿಗೆ ಏಡಿ, ಲಾಬ್‌ಸ್ಟರ್, ಮೀನು ಮತ್ತು ಆರ್ಕ್ನಿಯ ಗೋಮಾಂಸ ಪ್ರಸಿದ್ಧವಾದುವು. ಕಡಲು ಬಹುದೂರ ಇಳಿದ ದಿನಗಳಲ್ಲಿ ಮರಳಿನ ಮೇಲೆ ಹಿಮ್ಮುಖವಾಗಿ ನಡೆಯುತ್ತ, ‘ಸ್ಪೂಟ್’ ಎಂಬ ನೀಳ ಚಿಪ್ಪುಜೀವಿಯನ್ನು ಹಿಡಿಯುವ ರೂಢಿಯೂ ಅಲ್ಲುಂಟು. ಪಾಪೇಯಲ್ಲಿ ಹೋಟೆಲುಗಳ ಸಾಲಿಲ್ಲ. 1978ರಲ್ಲಿ ದ್ವೀಪವಾಸಿಗಳೇ ಸ್ಥಾಪಿಸಿಕೊಂಡ ಸಹಕಾರ ಸಂಘವು ಅಂಗಡಿಯನ್ನೂ ವಸತಿಗೃಹವನ್ನೂ ನಡೆಸುತ್ತದೆ. ಪ್ರವಾಸಿಗರು ಅಲ್ಲಿ ಮಾಡುವ ವೆಚ್ಚ ನೇರವಾಗಿ ಊರಿಗೆ ಸಲ್ಲುತ್ತದೆ.

ಇತರ ಪ್ರೇಕ್ಷಣೀಯ ಸ್ಥಳಗಳು

ಹೋಮ್ ನಡುಗಡ್ಡೆಯ ದಕ್ಷಿಣ ಭಾಗದಲ್ಲಿ ಸುಮಾರು 20 ಮೀಟರ್ ಉದ್ದದ ಒಳಾಂಗಣವುಳ್ಳ ಬೃಹತ್ ಸಮಾಧಿಯಿದೆ. ಅದನ್ನು ನೋಡಲು ಮುಂಚಿತವಾಗಿ ದೋಣಿ ಗೊತ್ತುಮಾಡಿಕೊಂಡು, ಮಾಡಿನ ಕಿಂಡಿಯಿಂದ ಏಣಿಯಲ್ಲಿ ಇಳಿಯಬೇಕಾಗುತ್ತದೆ. ಪಾಪೇಯಲ್ಲಿಯೇ 12ನೆಯ ಶತಮಾನದ ಸಂತ ಬೋನಿಫೇಸ್ ಇಗರ್ಜಿಯೂ, ಕಣ್ಣಿನ ಬೇನೆಯುಳ್ಳ ಯಾತ್ರಿಕರು ಹರಕೆ ಹೊತ್ತು ಬರುತ್ತಿದ್ದ ಸಂತ ಟ್ರೆಡ್‌ವೆಲ್ ಪ್ರಾರ್ಥನಾಮಂದಿರದ ಅವಶೇಷವೂ ಇವೆ. ವೆಸ್ಟ್ರೇ ದ್ವೀಪದ ಪಿಯರೋವಾಲ್ ಗ್ರಾಮದ ವಸ್ತುಸಂಗ್ರಹಾಲಯದಲ್ಲಿ ‘ವೆಸ್ಟ್ರೇ ವೈಫ್’ ಎಂಬ 4 ಸೆಂಟಿಮೀಟರ್ ಎತ್ತರದ ಕಲ್ಲಿನ ಪ್ರತಿಮೆಯಿದೆ. 2009ರಲ್ಲಿ ದೊರೆತ, ಸುಮಾರು 5,000 ವರ್ಷಗಳಷ್ಟು ಹಳೆಯದಾದ ಈ ಪ್ರತಿಮೆ ಸ್ಕಾಟ್ಲೆಂಡಿನಲ್ಲಿ ಮೊದಲು ದೊರೆತ ನವಶಿಲಾಯುಗದ ಮಾನವರೂಪವಾಗಿದೆ.

ಕಡಲಿನಿಂದ ಒದಗಿರುವ ಅಪಾಯ

ನ್ಯಾಪ್ ಆಫ್ ಹೋವರ್ ಕಟ್ಟಿದ ಕಾಲದಲ್ಲಿ ಕಡಲು ಇಷ್ಟು ಹತ್ತಿರವಿರಲಿಲ್ಲ. ಇಂದು ಮನೆಗೂ ಅಲೆಗೂ ನಡುವೆ ಉಳಿದಿರುವುದು ಕೆಲವೇ ಹೆಜ್ಜೆಗಳ ನೆಲ. ವೆಸ್ಟ್ರೇ ವೈಫ್ ದೊರೆತ ಲಿಂಕ್ಸ್ ಆಫ್ ನಾಲ್ಟ್‌ಲ್ಯಾಂಡ್‌ನಲ್ಲಿ ಗಾಳಿಯು ಮರಳುದಿಣ್ಣೆಗಳನ್ನು ಸವೆಸಿದ್ದರಿಂದಲೇ ತುರ್ತು ಉತ್ಖನನ ಕೈಗೊಳ್ಳಬೇಕಾಯಿತು. ಸ್ಕಾರಾ ಬ್ರೇ ಸೇರಿದಂತೆ ಆರ್ಕ್ನಿಯ ವಿಶ್ವ ಪರಂಪರೆಯ ತಾಣಗಳು ಹವಾಮಾನ ಬದಲಾವಣೆಯಿಂದ ಅತ್ಯಂತ ದುರ್ಬಲ ಸ್ಥಿತಿಯಲ್ಲಿವೆಯೆಂದು 2019ರ ಮೌಲ್ಯಮಾಪನವು ಎಚ್ಚರಿಸಿದೆ. ಬಿರುಗಾಳಿ ಒಂದು ಮನೆಯನ್ನು ಹೊರಗೆಡಹುವುದುಂಟು. ನೋಡುವವರಾರೂ ಇಲ್ಲದಾಗ ಇನ್ನೊಂದನ್ನು ಕೊಂಡೊಯ್ಯುವುದೂ ಉಂಟು. ಎಲ್ಲ ತೀರಗಳಿಗೂ ತಡೆಗೋಡೆ ಕಟ್ಟುವುದು ಸಾಧ್ಯವಲ್ಲ. ಆದುದರಿಂದ ಯಾವುದನ್ನು ಕಾಯಬೇಕು, ಯಾವುದನ್ನು ದಾಖಲಿಸಿ ಬಿಟ್ಟುಕೊಡಬೇಕು ಎಂಬ ಕಠಿಣ ಪ್ರಶ್ನೆ ಅಲ್ಲಿನವರ ಮುಂದಿದೆ.

ನ್ಯಾಪ್ ಆಫ್ ಹೋವರ್‌ಗೆ ಪ್ರವೇಶ ಶುಲ್ಕವಿಲ್ಲ. ಗೋಡೆಗಳನ್ನು ಹತ್ತದಿರುವುದು, ದಡದಲ್ಲಿ ಕಂಡ ಮೂಳೆಯನ್ನಾಗಲೀ ಚಿಪ್ಪನ್ನಾಗಲೀ ಎತ್ತಿಕೊಳ್ಳದಿರುವುದು ಸಂದರ್ಶಕರ ಕರ್ತವ್ಯ. ಬೀಳುಬಿದ್ದ ಬೇರ್ ಬೆಳೆಯನ್ನು ಉಣ್ಣುವವರಿದ್ದರೆ ಮತ್ತೆ ಬಿತ್ತಬಹುದು. ಬಿದ್ದ ಕುರಿಗೋಡೆಯನ್ನು ಕೈಗಳಿದ್ದರೆ ಮತ್ತೆ ಕಟ್ಟಬಹುದು. ಕಡಲು ಸೆಳೆದೊಯ್ದ ತಿಪ್ಪೆ ಮಾತ್ರ ಮರಳಿ ಬಾರದು. ಆ ಮನೆಯಿನ್ನೂ ನಿಂತಿರುವಾಗಲೇ ಅದನ್ನು ಕಂಡು, ಆ ನೆಲದ ರೊಟ್ಟಿಯನ್ನು ಸವಿದು ಬರುವ ಅವಕಾಶ ನಮ್ಮ ಕಾಲದವರಿಗೆ ಇನ್ನೂ ಇದೆ.