ಕಬ್ಬಿಣ ಬಿಟ್ಟು ಕಾಗದ ಹಿಡಿದ ರಾಕೆಟ್

ಅಮೆರಿಕದಲ್ಲಿ ‘ಮಾದರಿ ರಾಕೆಟ್’ ಎಂಬ ಹೆಸರಿನಿಂದ ಬೆಳೆದುಬಂದ ಹವ್ಯಾಸವು ದೊಡ್ಡ ರಾಕೆಟ್‌ಗಳ ಬೊಂಬೆಗಳನ್ನು ಮಾಡಿ ಕಪಾಟಿನಲ್ಲಿ ಜೋಡಿಸಿಡುವ ಕಲೆಯಲ್ಲ. ಕಾಗದವನ್ನು ಸುತ್ತಿ ಮಾಡಿದ ಕೊಳವೆ, ಹಗುರವಾದ ಬಾಲ್ಸಾ ಮರದ ರೆಕ್ಕೆಗಳು, ಮರದ ಅಥವಾ ಪ್ಲಾಸ್ಟಿಕ್ಕಿನ ಮೂತಿ, ಒಳಗೆ ಮಡಚಿಟ್ಟ ಪುಟ್ಟ ಪ್ಯಾರಾಚೂಟ್ ಇವಿಷ್ಟನ್ನು ಮನೆಯಲ್ಲಿ ಅಂಟಿಸಿ ಸಿದ್ಧಪಡಿಸುವ ಹವ್ಯಾಸಿಯು, ಕಾರ್ಖಾನೆಯಿಂದ ಬಂದ ಮೋಟಾರನ್ನು ಅದಕ್ಕೆ ತೊಡಿಸಿ, ಕ್ಲಬ್ಬಿನವರು ಗೊತ್ತುಮಾಡಿದ ಬಯಲಿನಲ್ಲಿ ನೂರಾರು ಅಡಿ ಎತ್ತರಕ್ಕೆ ಹಾರಿಸಿ, ಇಳಿದು ಬಂದದ್ದನ್ನು ಹೆಕ್ಕಿ ತಂದು ಮತ್ತೆ ಹಾರಿಸುತ್ತಾನೆ. ಈ ವಿವರಣೆಯಲ್ಲಿ ತೂಕವಿರುವುದು ‘ಕಾರ್ಖಾನೆಯಿಂದ ಬಂದ’ ಎಂಬ ಮಾತಿಗೆ. ಏಕೆಂದರೆ ಹವ್ಯಾಸಿಯ ಕೈಯನ್ನು ಮದ್ದಿನಿಂದ ದೂರವಿಡುವುದು ಹೇಗೆಂಬ ಪ್ರಶ್ನೆಯಿಂದಲೇ ಈ ಹವ್ಯಾಸ ಹುಟ್ಟಿತು.

ಮದ್ದು ಮಾತ್ರ ಹಳೆಯದೇ. ಪೆಟ್ಲುಪ್ಪು, ಇದ್ದಿಲು, ಗಂಧಕಗಳನ್ನು ಬೆರೆಸಿದ ಕರಿಮದ್ದೇ ಇಂದಿಗೂ ಸಣ್ಣ ಮೋಟಾರುಗಳಲ್ಲಿ ಉರಿಯುತ್ತದೆ, ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಸೇನೆಯ ರಾಕೆಟ್‌ಗಳಲ್ಲಿ ಉರಿಯುತ್ತಿದ್ದದ್ದೂ ಅದೇ ಬಗೆಯ ಮದ್ದು. 1780ರಲ್ಲಿ ಪೊಲ್ಲಿಲೂರಿನ ಯುದ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಡೆಯನ್ನು ಕಾಡಿದ ಆ ಆಯುಧದ ಹೆಚ್ಚುಗಾರಿಕೆ ಅದರ ಕಬ್ಬಿಣದ ಕೊಳವೆಯಲ್ಲಿತ್ತು: ಯೂರೋಪಿನ ಬಾಣಬಿರುಸುಗಳ ಕಾಗದದ ಹೊದಿಕೆ ತಾಳಲಾರದಷ್ಟು ಒತ್ತಡವನ್ನು ಕಬ್ಬಿಣ ತಾಳುತ್ತಿದ್ದುದರಿಂದ ನೂಕುಬಲವೂ ಹೆಚ್ಚುತ್ತಿತ್ತು, ಬೀಳುವ ದೂರವೂ ಹೆಚ್ಚುತ್ತಿತ್ತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲೆಂಡಿಗೆ ಸಾಗಿದ ಮಾದರಿಗಳನ್ನು ಕಂಡ ವಿಲಿಯಂ ಕಾಂಗ್ರೀವ್ ತನ್ನ ಹೆಸರಿನ ರಾಕೆಟ್ಟನ್ನು ರೂಪಿಸಿದ್ದು, 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳು ಬಾವಿಯೊಂದರಿಂದ ಅಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಹೊರಬಂದದ್ದು ಕನ್ನಡಿಗರಿಗೆ ಪರಿಚಿತ ಸಂಗತಿಗಳು. ಅಮೆರಿಕದ ಹವ್ಯಾಸಿಗಳು ಮಾಡಿದ್ದು ಇದಕ್ಕೆ ನೇರ ವಿರುದ್ಧವಾದದ್ದು. ಕೊಳವೆ ಒಡೆದರೆ ಚೂರುಗಳು ಮೈಗೆ ನೆಡಬಾರದು ಎಂಬ ಕಾರಣಕ್ಕೆ ಅವರು ಕಬ್ಬಿಣವನ್ನು ಬಿಟ್ಟು ಕಾಗದಕ್ಕೆ ಮರಳಿದರು. ಮೈಸೂರಿನ ಕಮ್ಮಾರರು ಯಾವುದನ್ನು ಕೊರತೆಯೆಂದು ತಳ್ಳಿದ್ದರೋ ಅದೇ ಇಲ್ಲಿ ಗುಣವಾಯಿತು.

ಈ ಮರಳುವಿಕೆಯ ಕರ್ತೃ ವಿಜ್ಞಾನಿಯಲ್ಲ, ಚಪ್ಪಲಿ ಅಂಗಡಿಯವ. ನೆಬ್ರಾಸ್ಕಾ ರಾಜ್ಯದ ನಾರ್ಫೋಕ್ ಊರಿನಲ್ಲಿ ಪಾದರಕ್ಷೆಗಳ ವ್ಯಾಪಾರ ನಡೆಸುತ್ತಿದ್ದ ಆರ್ವಿಲ್ ಕಾರ್ಲೈಲ್‌ಗೆ ಪಟಾಕಿಯ ಹುಚ್ಚು, ಅವನ ಸೋದರ ರಾಬರ್ಟ್‌ಗೆ ಮಾದರಿ ವಿಮಾನದ ಹುಚ್ಚು. ರಾಕೆಟ್ ಹಾರುವ ತತ್ತ್ವವನ್ನು ಉಪನ್ಯಾಸಗಳಲ್ಲಿ ತೋರಿಸಲು ರಾಬರ್ಟ್‌ಗೆ ಒಂದು ಸಾಧನ ಬೇಕಾದಾಗ, 1954ರಲ್ಲಿ ಆರ್ವಿಲ್ ‘ರಾಕ್-ಎ-ಚೂಟ್’ ಎಂಬ ರಾಕೆಟ್ಟನ್ನು ಮಾಡಿದ. ಬಾಣಬಿರುಸು ಒಮ್ಮೆ ಉರಿದು ಬೂದಿಯಾಗುತ್ತದೆ, ಮಾದರಿ ವಿಮಾನ ನೂರು ಸಲ ಹಾರುತ್ತದೆ. ಇವೆರಡನ್ನೂ ಕೂಡಿಸಿದಾಗ ಸುಟ್ಟ ಮೋಟಾರನ್ನಷ್ಟೇ ತೆಗೆದೆಸೆದು ಉಳಿದ ಒಡಲನ್ನು ಮತ್ತೆ ಬಳಸುವ ಉಪಾಯ ಹೊಳೆಯಿತು. ಆ ಉಪಾಯಕ್ಕೆ 1958ರಲ್ಲಿ ಪೇಟೆಂಟ್ ಕೂಡ ದೊರೆಯಿತು.

ಉಪಾಯವೊಂದು ಹವ್ಯಾಸವಾಗಬೇಕಾದರೆ ಭಯವೂ ಒದಗಿಬರಬೇಕಾಯಿತು. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದ ಬಳಿಕ ಅಮೆರಿಕದ ಶಾಲಾಹುಡುಗರಿಗೆ ರಾಕೆಟ್ಟಿನ ಹುಚ್ಚು ಹತ್ತಿತು. ಪಶ್ಚಿಮ ವರ್ಜೀನಿಯಾದ ಕೋಲ್‌ವುಡ್ ಎಂಬ ಗಣಿ ಊರಿನ ಹೋಮರ್ ಹಿಕಮ್ ಮತ್ತು ಗೆಳೆಯರಂತೆ ಸತುವಿನ ಪುಡಿಗೆ ಗಂಧಕ ಬೆರೆಸಿ ಲೋಹದ ಕೊಳವೆಗೆ ತುಂಬಿ, 1960ರ ರಾಷ್ಟ್ರೀಯ ವಿಜ್ಞಾನ ಮೇಳದಲ್ಲಿ ಪದಕ ಪಡೆದವರು ಉಂಟು. ಬೆರಳು, ಕಣ್ಣು ಕಳೆದುಕೊಂಡವರೂ ಉಂಟು. ಹಿಕಮ್ ಮುಂದೆ ಪುಸ್ತಕ ಬರೆದುದರಿಂದ ಮೊದಲನೆಯವರ ಕಥೆ ಲೋಕಕ್ಕೆ ತಿಳಿಯಿತು, ಎರಡನೆಯವರದು ಊರಿನ ಆಸ್ಪತ್ರೆಯಾಚೆ ಹೋಗಲಿಲ್ಲ.

ಈ ಅಪಾಯವನ್ನು ಮೊದಲೇ ಕಂಡವನು ಹ್ಯಾರಿ ಸ್ಟೈನ್. ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್ ಎಂಬ ಸೇನಾ ರಾಕೆಟ್ ನೆಲೆಯಲ್ಲಿ ದುಡಿದಿದ್ದ ಅವನು, ಸರಿಯಾದ ಕಟ್ಟಳೆಗಳಿದ್ದರೆ ರಾಕೆಟ್ ಕೆಲಸ ಎಷ್ಟು ಸುರಕ್ಷಿತ ಎಂಬುದನ್ನು ಪತ್ರಿಕೆಯಲ್ಲಿ ಬರೆದಿದ್ದ. ಅದನ್ನು ಓದಿದ ಕಾರ್ಲೈಲ್ 1957ರಲ್ಲಿ ತನ್ನ ಮಾದರಿಗಳನ್ನು ಅವನಿಗೆ ಕಳುಹಿಸಿದ. ಅದೇ ವರ್ಷ, ಸ್ಪುಟ್ನಿಕ್‌ನ ಗದ್ದಲದ ನಡುವೆಯೇ, ಸ್ಟೈನ್ ಡೆನ್ವರ್‌ನಲ್ಲಿ ಮಾದರಿ ರಾಕೆಟ್‌ಗಳ ಮೊದಲ ಕಂಪನಿಯನ್ನೂ ಮುಂದೆ ‘ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ’ ಎಂದು ಹೆಸರಾದ ಸಂಘವನ್ನೂ ಕಟ್ಟಿದ. ಕಂಪನಿ ಬಹುಕಾಲ ಬಾಳಲಿಲ್ಲ. ಸಂಘ ಉಳಿಯಿತು, ಅದರ ಸುರಕ್ಷಾ ಸಂಹಿತೆಯೂ ಉಳಿಯಿತು. ಆಟ ಮೊದಲು ಹುಟ್ಟಿ ನಿಯಮ ಆಮೇಲೆ ಬರುವುದು ಲೋಕರೂಢಿ. ಇಲ್ಲಿ ನಿಯಮವೂ ಆಟವೂ ಅವಳಿಗಳಾಗಿ ಹುಟ್ಟಿದವು.

ಕಾರ್ಲೈಲ್ ಕೈಯಲ್ಲೇ ಮಾಡುತ್ತಿದ್ದ ಮೋಟಾರುಗಳು ಬೇಡಿಕೆಗೆ ಸಾಲದಾದಾಗ ಸ್ಟೈನ್ ಮೊರೆಹೊಕ್ಕದ್ದು ಡೆನ್ವರ್‌ನ ಪಟಾಕಿ ಮನೆತನದ ವರ್ನನ್ ಎಸ್ಟೆಸ್‌ನನ್ನು. ಒತ್ತಿದ ಗಾಳಿಯಿಂದಲೂ ದ್ರವದ ಒತ್ತಡದಿಂದಲೂ ನಡೆಯುವ ಯಂತ್ರವೊಂದನ್ನು ಕಟ್ಟಿ ಅದಕ್ಕೆ ‘ಮೇಬಲ್’ ಎಂದು ಹೆಸರಿಟ್ಟ ಎಸ್ಟೆಸ್, 1959ರ ಆರಂಭದಿಂದ ಸರಿಸುಮಾರು 5.5 ಸೆಕೆಂಡಿಗೊಂದರಂತೆ ಮೋಟಾರುಗಳನ್ನು ಹೊರತೆಗೆಯತೊಡಗಿದ. 1961ರಲ್ಲಿ ಕಾರ್ಖಾನೆ ಕೊಲೊರಾಡೋದ ಪೆನ್‌ರೋಸ್ ಹಳ್ಳಿಗೆ ಸಾಗಿತು, ಅಲ್ಲಿಂದ ಅಂಚೆಯ ಮೂಲಕ ದೇಶದ ಮೂಲೆಮೂಲೆಗೆ ಮೋಟಾರುಗಳು ಹೋದವು. ಪ್ರಸಿದ್ಧಿಯೆಲ್ಲ ರಾಕೆಟ್ ವಿನ್ಯಾಸಕರಿಗೆ ಸಂದರೂ, ಹವ್ಯಾಸವನ್ನು ನಿಜವಾಗಿ ಸಾಧ್ಯವಾಗಿಸಿದ್ದು ಈ ಯಂತ್ರವೇ ಎನ್ನಬೇಕು: ಒಂದು ಮೋಟಾರು ಇನ್ನೊಂದರಂತೆಯೇ ಉರಿಯುವುದೆಂಬ ಭರವಸೆ ಇಲ್ಲದಿದ್ದರೆ ಯಾವ ಸಂಹಿತೆಯೂ ಕಾಗದದ ಮೇಲಿನ ಮಾತಾಗಿಯೇ ಉಳಿಯುತ್ತಿತ್ತು.

ಹೆಬ್ಬೆರಳಿನ ಗಾತ್ರದ ಆ ಮೋಟಾರನ್ನು ಉದ್ದಕ್ಕೆ ಸೀಳಿದರೆ ಕಾಣುವುದು ಹೀಗೆ: ಕೆಳತುದಿಯಲ್ಲಿ ಒತ್ತಿ ಗಟ್ಟಿಮಾಡಿದ ಜೇಡಿಮಣ್ಣಿನ ಕಿರುಬಾಯಿ, ಅಂದರೆ ಉರಿಗಾಳಿ ಹೊರನುಗ್ಗುವ ನಾಸಿಕ, ಅದರ ಮೇಲೆ ನೂಕುವ ಕರಿಮದ್ದು, ಅದರ ಮೇಲೆ ನಿಧಾನವಾಗಿ ಹೊಗೆ ಬಿಡುತ್ತ ಉರಿಯುವ ತಡೆಮದ್ದು, ಎಲ್ಲಕ್ಕಿಂತ ಮೇಲೆ, ಮೂತಿಯನ್ನು ಕಳಚಿ ಪ್ಯಾರಾಚೂಟನ್ನು ಹೊರದಬ್ಬುವ ಚಿಟಿಕೆ ಸಿಡಿಮದ್ದು. ಹೊರಮೈ ಮೇಲೆ ‘ಎ8-3’ ಎಂಬಂಥ ಗುರುತು ಇರುತ್ತದೆ. ಅಕ್ಷರವು ಒಟ್ಟು ನೂಕಿನ ವರ್ಗವನ್ನು ಹೇಳುತ್ತದೆ: ‘ಎ’ ವರ್ಗದ ಮೇಲ್ಮಿತಿ 2.5 ನ್ಯೂಟನ್-ಸೆಕೆಂಡ್, ‘ಬಿ’ಗೆ 5, ‘ಸಿ’ಗೆ 10, ಹೀಗೆ ಪ್ರತಿ ಅಕ್ಷರಕ್ಕೂ ಇಮ್ಮಡಿ. ಎಂಟು ಎಂಬುದು ನ್ಯೂಟನ್‌ಗಳಲ್ಲಿ ಸರಾಸರಿ ನೂಕುಬಲ, ಮೂರು ಎಂಬುದು ಮದ್ದು ಮುಗಿದ ಮೇಲೆ ಪ್ಯಾರಾಚೂಟ್ ಹೊರಬರುವವರೆಗಿನ ಸೆಕೆಂಡುಗಳು.

ಕ್ಲಬ್ಬಿನ ಹಾರಾಟದ ದಿನದಲ್ಲಿ ನಡೆಯುವ ವಿಧಿಗಳೆಲ್ಲ ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತವೆ. ಹವ್ಯಾಸಿಯು ರಾಕೆಟ್ಟಿನ ಹೆಸರು, ಮೋಟಾರಿನ ಗುರುತು ಬರೆದ ಚೀಟಿಯೊಡನೆ ಸುರಕ್ಷಾಧಿಕಾರಿಯ ಮೇಜಿನ ಮುಂದೆ ಸಾಲುಗಟ್ಟಬೇಕು. ಆತ ರೆಕ್ಕೆಗಳನ್ನು ಬೆರಳಿನಿಂದ ಅಲುಗಿಸಿ, ಮೂತಿ ಬಿಗಿಯೋ ಸಡಿಲವೋ ಎಂದು ಎಳೆದು ನೋಡಿ, ಒಪ್ಪಿಗೆಯಾದರಷ್ಟೇ ಮುಂದಕ್ಕೆ ಬಿಡುತ್ತಾನೆ. ಒಡಲಿಗೆ ಅಂಟಿಸಿದ ಸಣ್ಣ ಕೊಳವೆಯನ್ನು ನೆಟ್ಟಗೆ ನಿಂತ ಉಕ್ಕಿನ ಸರಳಿಗೆ ಪೋಣಿಸಿ, ಮೋಟಾರಿನ ಬಾಯೊಳಗೆ ತೆಳು ತಂತಿ ಇಳಿಸಿ, ಅದರ ಎರಡು ಕೊನೆಗಳಿಗೆ ಕ್ಲಿಪ್ಪು ಕಚ್ಚಿಸಿದ ಮೇಲೆ ಎಲ್ಲರೂ ಹಿಂದೆ ಸರಿಯಬೇಕು. ‘ಡಿ’ ವರ್ಗದವರೆಗೆ 15 ಅಡಿ, ಅದಕ್ಕೂ ದೊಡ್ಡದಕ್ಕೆ 30 ಅಡಿ. ಬತ್ತಿಗೆ ಕಡ್ಡಿ ಗೀರುವುದು ನಿಷಿದ್ಧ. ಕೀಲಿ ಹಾಕದೆ ಗುಂಡಿ ಒತ್ತಿದರೆ ವಿದ್ಯುತ್ ಹರಿಯದು. ಹೊತ್ತದಿದ್ದರೆ ಕೀಲಿ ತೆಗೆದು 60 ಸೆಕೆಂಡು ಕಾಯಬೇಕು, ಹತ್ತಿರ ಹೋಗಿ ಇಣುಕುವಂತಿಲ್ಲ. ಐದರಿಂದ ಹಿಂದಕ್ಕೆ ಗಟ್ಟಿಯಾಗಿ ಎಣಿಸುವ ಕ್ರಮ ಮಾತ್ರ ಬೇರೆಡೆಯಿಂದ ಬಂದದ್ದು. ಫ್ರಿಟ್ಸ್ ಲಾಂಗ್ 1929ರಲ್ಲಿ ತೆಗೆದ ಜರ್ಮನ್ ಚಲನಚಿತ್ರದಲ್ಲಿ ಚಂದ್ರನತ್ತ ಹೊರಟ ರಾಕೆಟ್ಟಿಗೆ ಹೀಗೆ ಎಣಿಸಲಾಗಿತ್ತು, ನಿಜವಾದ ರಾಕೆಟ್ ನೆಲೆಗಳಲ್ಲಿ ಆ ಎಣಿಕೆ ರೂಢಿಗೆ ಬಂದದ್ದು ಆಮೇಲೆ. ಹುಲ್ಲುಗಾವಲಿನ ಹವ್ಯಾಸಿಗೆ ಅದು ನಾಟಕವಲ್ಲ, ತಲೆಯೆತ್ತಿ ನೋಡಿರೆಂದು ಸುತ್ತಲಿನವರಿಗೆ ಕೊಡುವ ಎಚ್ಚರಿಕೆ.

ಕಾಗದದ ಮಿತಿಗೆ ಎಲ್ಲರೂ ತೃಪ್ತರಾಗಲಿಲ್ಲ. 1982ರಲ್ಲಿ ಒಹಾಯೋದ ಮೆಡಿನಾದಲ್ಲಿ ದೊಡ್ಡ ರಾಕೆಟ್‌ಗಳ ಪ್ರಿಯರು ಸೇರಿ, ‘ದೊಡ್ಡ ಅಪಾಯಕಾರಿ ರಾಕೆಟ್ ಹಡಗುಗಳು’ ಎಂಬ ತುಂಟ ಹೆಸರಿನಲ್ಲಿ ಮೊದಲ ಮೇಳ ನಡೆಸಿದರು; ಆ ಸಾಲಿನ ಮೇಳಗಳ ಹೊಣೆಯನ್ನು ಟ್ರಿಪೊಲಿ ಎಂಬ ಇನ್ನೊಂದು ಸಂಘ ಹೊತ್ತಿತು. ಕರಿಮದ್ದಿನ ಬದಲು ಅಮೋನಿಯಂ ಪರ್ಕ್ಲೋರೇಟನ್ನು ರಬ್ಬರಿನಂಥ ಅಂಟಿನಲ್ಲಿ ಬೆರೆಸಿದ ಇಂಧನ ಬಂತು, ಅದರೊಂದಿಗೆ ಮತ್ತೆ ಮತ್ತೆ ತುಂಬಿಸಬಹುದಾದ ಅಲ್ಯೂಮಿನಿಯಂ ಕವಚವೂ ಬಂತು. ಆ ಇಂಧನವನ್ನು ಸ್ಫೋಟಕಗಳ ಪಟ್ಟಿಗೆ ಸೇರಿಸಿದ ಕೇಂದ್ರ ಸರ್ಕಾರದ ಇಲಾಖೆಯ ವಿರುದ್ಧ ಎರಡೂ ಸಂಘಗಳು ಕೂಡಿ ವರ್ಷಗಟ್ಟಲೆ ವ್ಯಾಜ್ಯ ನಡೆಸಿ 2009ರಲ್ಲಿ ಗೆದ್ದವು. ಹೀಗೆ ಬಾಗಿಲಾಚೆ ಅಟ್ಟಿದ್ದ ಲೋಹವು ಪ್ರಮಾಣಪತ್ರದ ಕಟ್ಟುಪಾಡಿನೊಂದಿಗೆ ಒಳಗೆ ಬಂತು: ‘ಎಚ್’ ವರ್ಗದಿಂದ ಮೇಲಿನ ಮೋಟಾರಿಗೆ ಹಾರಿಸುವವನು 18 ವರ್ಷ ತುಂಬಿದವನಾಗಿ, ಪರೀಕ್ಷಕರ ಕಣ್ಣೆದುರು ಒಮ್ಮೆ ಹಾರಿಸಿ ಸುರಕ್ಷಿತವಾಗಿ ಇಳಿಸಿ ತೋರಿಸಿರಬೇಕು, ಮತ್ತು 15 ಅಡಿಯ ಜಾಗದಲ್ಲಿ ಕನಿಷ್ಠ 100 ಅಡಿ ದೂರ ನಿಲ್ಲಬೇಕು. ಸ್ವತಃ ಇಂಧನ ಕಲಸಿ ಮೋಟಾರು ತುಂಬುವುದಕ್ಕೂ ಟ್ರಿಪೊಲಿ ತನ್ನ ಅನುಭವಿ ಸದಸ್ಯರಿಗೆ ಪ್ರತ್ಯೇಕ ಹಾರಾಟಗಳಲ್ಲಿ ಅನುಮತಿ ಕೊಡುತ್ತದೆ. ಸ್ಟೈನ್ ಕಟ್ಟಿದ ಸಂಘದ ಬಯಲಿನಲ್ಲಿ ಅದು ಇಂದಿಗೂ ಸಲ್ಲದು.